ದಣಿದು ಬಂದವರ ಕಣ್ಣು

ಕಂಪನಿಯ ಬಸ್ಸು ಮೂಲೆಯ ಅಂಗಡಿಯ ಹತ್ತಿರ ಇಳಿಸಿ ಹೋದ ಮೇಲೆ ದಿವೀನಾ ಮುಂಬಾಗಿಲಿಗೆ ಹೋಗುತ್ತಿರಲಿಲ್ಲ. ಪಕ್ಕದ ಸಂದಿಯಲ್ಲಿ ಬಾಳೆಗಿಡಗಳ ನಡುವೆ ನುಸುಳಿ, ನೆರೆಯವರ ಹಂದಿಗೂಡಿನ ವಾಸನೆಯನ್ನು ಮೂಗು ಮುಚ್ಚದೆ ಸಹಿಸಿಕೊಂಡು, ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬರುತ್ತಿದ್ದಳು. ಕಳ್ಳರಿಗಾದರೂ ಸುತ್ತಮುತ್ತ ನೋಡುವ ಸ್ವಾತಂತ್ರ್ಯ ಇರುತ್ತದೆ. ಇವಳಿಗೆ ಅದೂ ಇರಲಿಲ್ಲ. ತಲೆ ಬಗ್ಗಿಸಿಕೊಂಡೇ ಬರಬೇಕು, ನಡುಮನೆಯಲ್ಲಿ ತೂಗುವ ಜೋಲಿಯ ಕಡೆ ಕಣ್ಣು ಹಾಯಿಸಬಾರದು. ಆ ಜೋಲಿಯಲ್ಲಿ ಇದ್ದದ್ದು ಅವಳು ಹೆತ್ತ ಮಗು.

“ಬಂದ್ಯಾ?” ಎಂದು ಅತ್ತೆ ಸೆಪಾ ಒಳಗಿನಿಂದಲೇ ಕೇಳುತ್ತಿದ್ದರು. “ಈ ಕಡೆ ನೋಡ್ಬೇಡ ಮಗಳೇ. ಎದ್ದಿದ್ದಾಳೆ.”

“ಇಲ್ಲ ಇನಾಯ್, ನೋಡ್ತಿಲ್ಲ.”

ಗಂಡನ ತಾಯಿಯನ್ನು ಅವಳು ಗಂಡ ಕರೆಯುವ ಹಾಗೆಯೇ ಇನಾಯ್ ಎಂದು ಕರೆಯುತ್ತಿದ್ದಳು. ಬೈದರೂ ಇನಾಯ್, ಉಣ್ಣಲಿಕ್ಕೆ ಬಡಿಸಿದರೂ ಇನಾಯ್.

ಬಟಾಂಗಾಸ್ ಸೀಮೆಯ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬಿಸಿಲಲ್ಲಿ ಬೆಂದು, ಹಸಿದು, ದಣಿದು ಬಂದವರ ಕಣ್ಣು ಎಳೆಗೂಸಿನ ಮೇಲೆ ಬಿದ್ದರೆ ಕೂಸಿಗೆ ಬಾಲೆಸ್ ತಗಲುತ್ತದೆ. ಹೊಟ್ಟೆ ಉಬ್ಬರಿಸುತ್ತದೆ, ಹಾಲು ಕಾರುತ್ತದೆ, ಅಳು ನಿಲ್ಲುವುದಿಲ್ಲ. ನೋಡಿದವರ ಮನಸ್ಸಿನಲ್ಲಿ ಹೊಟ್ಟೆಕಿಚ್ಚು ಇರಬೇಕೆಂದೇನೂ ಇಲ್ಲ, ಬೆಟ್ಟದಷ್ಟು ಪ್ರೀತಿ ಇದ್ದರೂ ಅಷ್ಟೆ. ದಣಿವು ಒಂದು ಇದ್ದರೆ ಸಾಕು. ಆ ದಣಿವು ದಿವೀನಾಳ ಹತ್ತಿರ ಬೇಕಾದಷ್ಟಿತ್ತು.

ಹಾಗಾದರೆ ಮುಖಕ್ಕೆ ತಣ್ಣೀರು ಎರಚಿಕೊಂಡು ದಣಿವು ಕಳೆದುಕೊಳ್ಳಬಹುದಲ್ಲ ಎಂದರೆ ಅದಕ್ಕೂ ಅಡ್ಡಿ. ದುಡಿದು ಕಾದ ಕಣ್ಣಿಗೆ ನೀರು ತಾಗಿದರೆ ನರ ಸೆಳೆದುಕೊಂಡು ದೃಷ್ಟಿಯೇ ಹೋಗುತ್ತದೆ ಎಂಬುದು ಇನ್ನೊಂದು ಕಟ್ಟಳೆ. ಅತ್ತೆಯ ಅಕ್ಕನೊಬ್ಬಳು ಇಸ್ತ್ರಿ ಮಾಡಿದ ಬಿಸಿ ಕೈಯಲ್ಲೇ ಪಾತ್ರೆ ತೊಳೆದು ಕೈ ನಡುಗಿಸಿಕೊಂಡು ಸತ್ತಳಂತೆ. ಹೀಗಾಗಿ ದಿವೀನಾ ಅಡುಗೆಮನೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಬಿಸಿ ಕಾಫಿ ಕುಡಿದು, ಅನ್ನ ಮೀನು ತಿಂದು, ಬೆವರು ತಾನಾಗಿ ಆರುವವರೆಗೂ ಕಾಯಬೇಕಿತ್ತು. ಬೆವರು ಆರುವ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತಿತ್ತು. ಬೆಳಿಗ್ಗೆ ಅದು ಏಳುವ ಮೊದಲೇ ಬಸ್ಸು ಬರುತ್ತಿತ್ತು. ವಾರದ ದಿನಗಳಲ್ಲಿ ಅವಳು ಕಂಡ ಮಗಳು ಯುಮಿ ಎಂದರೆ ಮುಚ್ಚಿದ ರೆಪ್ಪೆಗಳ ಯುಮಿ.

ಮೊದಲು ಹೀಗಿರಲಿಲ್ಲ. ಹೆರಿಗೆ ರಜೆ ಮುಗಿದು ಕೆಲಸಕ್ಕೆ ಮರಳಿದ ಹೊಸದರಲ್ಲಿ ಅವಳು ಬಸ್ಸಿಳಿದು ಓಡೋಡಿ ಬಂದು ಮಗುವಿನ ಮುಖಕ್ಕೆ ಮುಖ ಕೊಡುತ್ತಿದ್ದಳು. ಮಗುವೂ ಅವಳ ಕಣ್ಣನ್ನೇ ಹಿಡಿದುಕೊಂಡು ನೋಡುತ್ತಿತ್ತು, ಅವಳು ಹುಬ್ಬೇರಿಸಿದರೆ ಬಾಯಿ ಅಗಲಿಸುತ್ತಿತ್ತು. ಒಂದು ಸಂಜೆ ಹೆಚ್ಚುವರಿ ಪಾಳಿ ಮುಗಿಸಿ ಬಂದಾಗ ಮಾತ್ರ ಮಗು ಅವಳನ್ನು ನೋಡಿ ಕಿಟಾರನೆ ಕಿರುಚಿತು. ಆಮೇಲೆ ಹಾಲು ಕಾರಿತು, ಮೈ ಬಿಸಿಯಾಯಿತು. ಬೀದಿಯ ಕೊನೆಯಲ್ಲಿದ್ದ ನಾಟಿವೈದ್ಯದ ಬಿಯಾಂಗ್ ಅಜ್ಜಿ ಬಂದು ಹೊಟ್ಟೆ ಮುಟ್ಟಿ ನೋಡಿ, “ಯಾರು ದಣಿದು ಬಂದಿದ್ದು?” ಎಂದಳು. ಮನೆಯವರೆಲ್ಲ ಒಟ್ಟಿಗೆ ದಿವೀನಾಳ ಕಡೆ ತಿರುಗಿದರು. ಅಂದು ಹಲ್ಲು ಹುಟ್ಟುತ್ತಿತ್ತೋ ಏನೋ, ಯಾರಿಗೆ ಗೊತ್ತು. ಅಂದಿನಿಂದ ಅವಳಿಗೆ ಹಿತ್ತಿಲ ಬಾಗಿಲೇ ಗತಿಯಾಯಿತು.

ಅವಳ ಗಂಡ ಆಂಬೊ ಊರೊಳಗೆ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ. ಅವನ ಕಣ್ಣಿನಲ್ಲಿ ಬಾಲೆಸ್ ಇರಲಿಲ್ಲ. ದಣಿಯುವಷ್ಟು ಬಾಡಿಗೆ ಅವನಿಗೆ ಸಿಕ್ಕ ದಿನಗಳೇ ಕಡಿಮೆ. ಸರದಿಯಲ್ಲಿ ಗಾಡಿ ನಿಲ್ಲಿಸಿ ಒಳಗೇ ಕಾಲು ಚಾಚಿ ಮಲಗಿ, ಹೂವಿನಂತೆ ಅರಳಿಕೊಂಡು ಮನೆಗೆ ಬಂದು ಮಗಳನ್ನು ಎತ್ತಿ ಆಡಿಸುತ್ತಿದ್ದ.

ದಿವೀನಾಳ ಕೆಲಸವೆಂದರೆ ನೋಡುವುದು. ತಾನೌವಾನ್ ಪಟ್ಟಣದ ಆಚೆಯ ಕೈಗಾರಿಕಾ ಪ್ರದೇಶದಲ್ಲಿ ಫೋನಿಗೋ ಕಾರಿಗೋ ಹೋಗುವ ಚಿಪ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗೀಚು ಇದೆಯೇ, ಅಂಚು ಮುರಿದಿದೆಯೇ, ಧೂಳಿನ ಚುಕ್ಕೆ ಕೂತಿದೆಯೇ ಎಂದು ನೋಡಬೇಕು. ಒಂದು ತಟ್ಟೆ ಮುಗಿದರೆ ಇನ್ನೊಂದು ತಟ್ಟೆ. ಒಳಗೆ ಹೋಗುವಾಗ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಬಾಯಿಗೆ ಮುಸುಕು. ಕಣ್ಣು ಮಾತ್ರ ಹೊರಗೆ. ಅಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ಗುರುತಿಸುವುದು ಕಣ್ಣಿನಿಂದಲೇ. ಯಾರು ನಕ್ಕರು, ಯಾರಿಗೆ ಮೇಲ್ವಿಚಾರಕ ಬೈದ, ಯಾರಿಗೆ ತಿಂಗಳು ತಪ್ಪಿದೆ, ಎಲ್ಲವೂ ಮೂಗಿನ ಮೇಲಿನ ಆ ಎರಡು ಬೆರಳಗಲದ ಜಾಗದಲ್ಲೇ ತಿಳಿಯುತ್ತಿತ್ತು.

“ನಿನ್ನ ಕಣ್ಣು ಸತ್ತೋಗಿದೆ ಕಣೇ,” ಎಂದಳು ಪಕ್ಕದ ಮೇಜಿನ ಲೊರ್ನಾ ಒಂದು ದಿನ, ಊಟದ ಬಿಡುವಿನಲ್ಲಿ. “ಮುಸುಕು ತೆಗೆದ್ರೂ ಅಷ್ಟೇ, ಹಾಕಿದ್ರೂ ಅಷ್ಟೇ. ಗಂಡನ ಜತೆ ಜಗಳನಾ?”

“ಜಗಳ ಆಡೋಕೂ ತ್ರಾಣ ಬೇಕಲ್ಲ.”

“ಮತ್ತೇನು?”

“ಮಗಳು ನನ್ನ ನೋಡಿದ್ರೆ ಅಳ್ತಾಳೆ.”

ಲೊರ್ನಾ ತುತ್ತು ನುಂಗಿದಳು. “ನನ್ನ ಮಗನೂ ಅಳ್ತಿದ್ದ. ಈಗ ಅಳಲ್ಲ, ಕಾಸು ಕೇಳ್ತಾನೆ. ಅಳೋದೇ ವಾಸಿ.”

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ದಿವೀನಾಳಿಗೆ ಕಣ್ಣು ಉರಿಯಿತು. ಗಾಜಿಗೆ ಒತ್ತಿ ಒತ್ತಿ ಕಣ್ಣಿನ ಸುತ್ತ ಬಿದ್ದ ಬಳೆಯಂಥ ಗುರುತನ್ನು ಅವಳು ಬೆರಳಿನಿಂದ ತಿಕ್ಕಿಕೊಂಡಳು. ಆ ಗುರುತು ಮನೆ ತಲುಪುವವರೆಗೂ ಅಳಿಯುತ್ತಿರಲಿಲ್ಲ.

ಅವಳ ಮನಸ್ಸನ್ನು ಕೊರೆಯುತ್ತಿದ್ದದ್ದು ಮಗು ಅಳುವುದು ಮಾತ್ರವಲ್ಲ. ಅಳುವುದು ರೂಢಿಯಾಗುವ ಮೊದಲು, ಹಿತ್ತಿಲ ಬಾಗಿಲಿನಿಂದ ಬರತೊಡಗಿದ ಹೊಸದರಲ್ಲಿ, ಮಗು ಅವಳನ್ನು ಕರೆದಿತ್ತು. ಅವಳು ಗೋಡೆಗೆ ಮುಖ ಮಾಡಿ ಅನ್ನ ತಿನ್ನುತ್ತಿದ್ದಾಗ ಜೋಲಿಯಿಂದ ತಲೆ ಹೊರಗೆ ಹಾಕಿ ‘ಆ’ ಎಂದಿತು. ಅವಳು ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ‘ಆ’ ಎಂದಿತು, ಕೈಯ ಮಣಿಕಟ್ಟಿನ ಕೆಂಪು ಕಪ್ಪು ಮಣಿಸರವನ್ನು ಜೋಲಿಯ ಕೋಲಿಗೆ ಬಡಿಯಿತು. ದಿವೀನಾ ತಟ್ಟೆಯನ್ನೇ ನೋಡುತ್ತಾ ಮೀನಿನ ಮುಳ್ಳು ಬಿಡಿಸಿದಳು. ನೋಡಿದರೆ ಮಗುವಿಗೆ ಕೇಡು, ಅದಕ್ಕೇ ನೋಡಲಿಲ್ಲ. ತಾಯಿಯಾಗಿ ಮಾಡಬೇಕಾದ್ದನ್ನೇ ಮಾಡುತ್ತಿದ್ದೇನೆ ಎಂದುಕೊಂಡಳು. ಗೋಡೆಗೆ ತೂಗುಹಾಕಿದ್ದ ಬಾಣಲೆಯ ಬೆನ್ನಿನಲ್ಲಿ ಮಗುವಿನ ಬಿಂಬ ಕಾಣುತ್ತಿತ್ತು. ಅದು ಕಾಯಿತು, ಮತ್ತೊಮ್ಮೆ ಕೂಗಿತು, ಮತ್ತೆ ಕಾಯಿತು, ಆಮೇಲೆ ನಿಧಾನವಾಗಿ ತಲೆಯನ್ನು ಅಜ್ಜಿಯ ಕಡೆ ತಿರುಗಿಸಿಕೊಂಡಿತು. ಅದಾದ ಮೇಲೆ ಅವಳು ಬಂದರೆ ಮಗು ಕೂಗುವುದನ್ನು ಬಿಟ್ಟಿತು. ನೋಡದವಳ ಹತ್ತಿರ ಎಷ್ಟು ದಿನ ಎಂದು ಯಾರು ಬೇಡಿಯಾರು.

ಭಾನುವಾರ ರಜೆ. ಅಂದು ಮಧ್ಯಾಹ್ನದ ತನಕ ಮಲಗಿ, ಮಿಂದು, ತಲೆ ಬಾಚಿ, ಹೊಸ ಹೆಣ್ಣಿನ ಹಾಗೆ ಸಿದ್ಧಳಾಗಿ ಅವಳು ಮಗುವಿನ ಎದುರು ಕೂರುತ್ತಿದ್ದಳು. ಮಗು ಅವಳನ್ನು ನೋಡುತ್ತಿತ್ತು. ಹುಬ್ಬಿನ ನಡುವೆ ಸಣ್ಣ ಗೆರೆ ಮೂಡುತ್ತಿತ್ತು, ಕೆಳತುಟಿ ಹೊರಗೆ ಬರುತ್ತಿತ್ತು. ಕಣ್ಣು ಅತ್ತಿತ್ತ ಹರಿದು ಅಜ್ಜಿಯನ್ನು ಹುಡುಕುತ್ತಿತ್ತು. ಅಜ್ಜಿ ಸಿಕ್ಕರೆ ಸುಮ್ಮನಾಗುತ್ತಿತ್ತು, ಸಿಗದಿದ್ದರೆ ರಾಗ ಎಳೆಯುತ್ತಿತ್ತು.

“ವಾರದ ದಣಿವು ಇನ್ನೂ ಮೈಯಿಂದ ಇಳಿದಿಲ್ಲ ನಿಂಗೆ,” ಎನ್ನುತ್ತಿದ್ದರು ಅತ್ತೆ, ಮಗುವನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾ. ಅವರು ಕೊಂಕು ಆಡುತ್ತಿರಲಿಲ್ಲ, ನಿಜವಾಗಿ ಹಾಗೆಯೇ ನಂಬಿದ್ದರು.

“ಫೋಟೋ ಕಳಿಸ್ತೀನಿ ಬಿಡು, ಫೋಟೋ ನೋಡಿದ್ರೆ ಬಾಲೆಸ್ ತಗಲಲ್ಲ,” ಎಂದು ಆಂಬೊ ಛೇಡಿಸುತ್ತಿದ್ದ. ಅವನು ಹೇಳಿದಂತೆ ಕಳಿಸಿಯೂ ಕಳಿಸಿದ. ಬಸ್ಸಿನಲ್ಲಿ ಅವಳು ಆ ಫೋಟೋಗಳನ್ನು ನೋಡುತ್ತಾ ಬರುತ್ತಿದ್ದಳು, ಇಳಿದ ಮೇಲೆ ತಲೆ ಬಗ್ಗಿಸುತ್ತಿದ್ದಳು.

ಆ ಗುರುವಾರ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಹೆದ್ದಾರಿಯ ಪಕ್ಕದಲ್ಲಿ ಬಿಸಿಲಿಗೆ ನಿಂತು, ಸಿಕ್ಕ ಜೀಪಿಗೆ ಜೋತುಬಿದ್ದು ದಿವೀನಾ ಊರಿಗೆ ಬಂದಳು. ತಲೆ ಸಿಡಿಯುತ್ತಿತ್ತು, ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಜೀಪು ಅವಳನ್ನು ಎಂದಿನ ಮೂಲೆ ದಾಟಿಸಿ ಮುಂದಕ್ಕೆ ಇಳಿಸಿದ್ದರಿಂದ ಎದುರು ದಿಕ್ಕಿನಿಂದ ನಡೆದುಬಂದಳು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಅತ್ತೆ ಯುಮಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಹೆಂಗಸರ ಜತೆ ಮಾತಿಗೆ ಕೂತಿದ್ದರು. ದಿವೀನಾ ತಲೆ ಎತ್ತಿದಳು, ಮಗು ನೇರ ಅವಳ ಕಣ್ಣಿಗೇ ಕಣ್ಣಿಟ್ಟಿತು. ತಪ್ಪಿಸಿಕೊಳ್ಳಲು ಸಂದಿ ಗೊಂದಿ ಏನೂ ಇರಲಿಲ್ಲ.

ಮಗು ಉಸಿರು ಕಟ್ಟಿಕೊಂಡು ಕಿರುಚಿತು.

“ನೋಡಿಬಿಟ್ಯಲ್ಲಾ,” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚು. “ಬಾ ಇಲ್ಲಿ, ಬೇಗ. ಉಗುಳು ಹಚ್ಚು.”

ಅದೂ ಎಲ್ಲರಿಗೂ ಗೊತ್ತಿರುವ ಮದ್ದೇ. ಯಾರ ಕಣ್ಣು ತಗಲಿತೋ ಅವರೇ ಹೆಬ್ಬೆರಳಿಗೆ ಬಾಯಿಯ ಉಗುಳು ಮುಟ್ಟಿಸಿ ಮಗುವಿನ ಹೊಟ್ಟೆಗೆ ಹಚ್ಚಿದರೆ ತಗಲಿದ್ದು ಇಳಿಯುತ್ತದೆ. ನೆಂಟರು ಹಚ್ಚುತ್ತಾರೆ, ದಾರಿಯಲ್ಲಿ ಕೆನ್ನೆ ಹಿಂಡಿದವರು ಹಚ್ಚುತ್ತಾರೆ, ಬಟ್ಟೆ ಮಾರಲು ಬಂದವನು ಹಚ್ಚಿಹೋಗುತ್ತಾನೆ. ಅಂಗಡಿಯ ಒಡತಿ ಪುರಿಂಗ್ ಬಾಯಿಗೆ ಬೀಗ ಇಲ್ಲದವಳು. “ಹೆತ್ತವಳ ಕೈಲಿ ಉಗುಳು ಹಚ್ಚಿಸೋದನ್ನ ನಾನೆಲ್ಲೂ ಕಂಡಿಲ್ಲಪ್ಪ,” ಎಂದಳು. “ಅದು ಹೊರಗಿನವರು ಮಾಡೋದಲ್ವಾ?”

ದಿವೀನಾ ದಾರಿಯ ಧೂಳಿಗೆಂದು ಕಟ್ಟಿಕೊಂಡಿದ್ದ ಮುಸುಕನ್ನು ಗಲ್ಲಕ್ಕೆ ಇಳಿಸಿದಳು. ಬಾಯಿ ಒಣಗಿ ಉಗುಳೂ ಬರಲಿಲ್ಲ. ನಾಲಿಗೆ ಹೊರಳಿಸಿ ಹೇಗೋ ಹೆಬ್ಬೆರಳು ತೇವ ಮಾಡಿಕೊಂಡು, ಮಗುವಿನ ಅಂಗಿ ಎತ್ತಿ, ಹೊಕ್ಕುಳ ಮೇಲೆ ಹಚ್ಚಿದಳು.

ಬೆರಳು ತಾಗಿದ ಕೂಡಲೇ ಮಗುವಿನ ಅಳು ಅರ್ಧಕ್ಕೆ ನಿಂತಿತು. ಅದು ದಿವೀನಾಳನ್ನು ನೋಡಿತು. ಆಮೇಲೆ ಕತ್ತು ತಿರುಗಿಸಿ ಅಜ್ಜಿಯ ಮುಖ ನೋಡಿತು. ಸುಮ್ಮನೆ ನೋಡಿದ್ದಲ್ಲ, ಕಾದು ನೋಡಿತು. ಅತ್ತೆ ಅಭ್ಯಾಸಬಲದಿಂದ ಕಣ್ಣರಳಿಸಿ, ತಲೆಯಾಡಿಸಿ, ನಕ್ಕರು. ಆಗ ಮಗುವಿನ ಭುಜ ಸಡಿಲಾಯಿತು, ಬಿಗಿಹಿಡಿದ ಮುಷ್ಟಿ ಬಿಚ್ಚಿತು. ಮತ್ತೆ ದಿವೀನಾಳ ಕಡೆ ತಿರುಗಿ, ಪರವಾಗಿಲ್ಲ ಇರಲಿ ಎನ್ನುವಂತೆ ಅವಳ ಕೈಯನ್ನು ಇರಗೊಟ್ಟಿತು.

“ಇಳೀತು ನೋಡಿ, ಇಳೀತು,” ಎಂದಳು ಪುರಿಂಗ್.

ದಿವೀನಾ ಕಂಡದ್ದೇ ಬೇರೆ. ದಿನಪೂರ್ತಿ ಕೂದಲೆಳೆಯಷ್ಟು ಗೀಚನ್ನು ಹುಡುಕುವ ಕಣ್ಣಿಗೆ ಇದು ಕಾಣದೆ ಹೋಗುತ್ತದೆಯೇ. ತಾನು ಕೆಟ್ಟವಳೋ ಒಳ್ಳೆಯವಳೋ ಎಂದು ತನ್ನ ಮಗು ಇನ್ನೊಬ್ಬರ ಮುಖವನ್ನು ಕೇಳಿತ್ತು. ಆ ಮುಖ ಹೂಂ ಎಂದ ಮೇಲೆ ತನಗೆ ಒಪ್ಪಿಗೆ ಸಿಕ್ಕಿತ್ತು. ಅವಳಿಗೆ ಅವಮಾನವಾಯಿತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅವಮಾನ ಇನ್ನಷ್ಟು ಹೆಚ್ಚಾಯಿತು.

ಮನೆಗೆ ಬಂದು ಅವಳು ಕಾಫಿ ಮುಟ್ಟಲಿಲ್ಲ. ಮಗು ಮಲಗುವವರೆಗೂ ಗೋಡೆ ನೋಡುತ್ತಾ ಕೂತಿದ್ದು, ಮಲಗಿದ ಮೇಲೆ ಅತ್ತೆಯ ಹತ್ತಿರ ಮಾತು ತೆಗೆದಳು. ಇಬ್ಬರಿಗೂ ಕೂಗಾಡುವ ಶಕ್ತಿ ಇರಲಿಲ್ಲ. ಪಕ್ಕದ ಮನೆಯವರಿಗೂ ಕೇಳಿಸದಂಥ ಜಗಳ ಅದು.

“ಇನಾಯ್, ಅವಳು ಕೊನೆಗೆ ನನ್ನನ್ನ ಏನಂತ ಕರೀತಾಳೆ?”

“ಏನಂತ ಅಂದ್ರೆ? ಅಮ್ಮ ಅಂತ.”

“ನಿಮ್ಮನ್ನ ಕೇಳಿ ಕರೀತಾಳೆ. ಇವಳು ಅಮ್ಮ ಹೌದಾ ಅಜ್ಜಿ, ಅಂತ. ಇವತ್ತು ನೋಡಿದ್ರಲ್ಲ.”

ಸೆಪಾ ಒಗೆದ ಬಟ್ಟೆ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. “ನೋಡಿದೆ,” ಎಂದರು.

“ನೋಡಿದ್ರೆ ಬಾಲೆಸ್ ಅಂತೀರಿ, ನೋಡಲ್ಲ. ನೋಡದೆ ಇದ್ದಿದ್ದಕ್ಕೆ ನನ್ನ ಮರೀತಾಳೆ. ಮರೆತಿರೋದಕ್ಕೆ ಅಳ್ತಾಳೆ. ಅತ್ರೆ ಮತ್ತೆ ಬಾಲೆಸ್ ಅಂತೀರಿ. ಇದಕ್ಕೆ ಕೊನೆ ಎಲ್ಲಿ?”

ಅತ್ತೆ ಬೈಯುತ್ತಾರೆ ಎಂದುಕೊಂಡು ದಿವೀನಾ ಬೈಗುಳಕ್ಕೆ ಮೈ ಒಡ್ಡಿ ಕೂತಳು. ಅವರು ಬೈಯಲಿಲ್ಲ.

“ನಂಗೂ ಸಾಕಾಗಿದೆ ಮಗಳೇ,” ಎಂದರು. “ಬೆಳಗಾದ್ರೆ ಅದು ನನ್ನ ಮುಖದ ಮೇಲೇ ಬದುಕೋದು. ನಾಯಿ ಬೊಗಳಿದ್ರೆ ನನ್ನ ಮುಖ ನೋಡುತ್ತೆ. ಪಾತ್ರೆ ಬಿದ್ರೆ ನನ್ನ ಮುಖ ನೋಡುತ್ತೆ. ಪಾದ್ರಿ ಬಂದು ತಲೆ ಮೇಲೆ ಕೈಯಿಟ್ರೂ ನನ್ನ ಮುಖ ನೋಡುತ್ತೆ. ನನ್ನ ಮಂಡಿ ನೋಯ್ತಿದೆ ಅಂತ ಮುಖ ಸಿಂಡರಿಸೋ ಹಾಗಿಲ್ಲ, ಅದು ತುಟಿ ಬಾಗಿಸುತ್ತೆ. ನನ್ನ ಗಂಡ ಸತ್ತ ದಿನ ಬಂತು ಮೊನ್ನೆ, ಮೇಣದಬತ್ತಿ ಹಚ್ಚಿ ಅಳೋಣ ಅಂದ್ರೆ ಅದು ನೋಡ್ತಾ ಕೂತಿದೆ. ನಕ್ಕೆ. ಆ ಮನುಷ್ಯನ ಫೋಟೋ ಮುಂದೆ ಹಲ್ಲು ಕಿರಿದುಕೊಂಡು ನಿಂತಿದ್ದೆ. ಈ ಮುಖಕ್ಕೆ ಒಂದು ಗಳಿಗೆ ಬಿಡುವು ಅಂತ ಇಲ್ಲ.”

ತನ್ನದನ್ನು ಕಿತ್ತುಕೊಂಡವರು ಎಂದು ದಿವೀನಾ ಒಳಗೊಳಗೇ ಹಗೆ ಸಾಧಿಸಿದ್ದ ಈ ಮುದಿಜೀವ, ಹೊರಲಾರದ ಹೊರೆ ಹೊತ್ತು ಕೂತಿತ್ತು. ಅವಳು ಎದ್ದು ಬಟ್ಟೆಯ ಅರ್ಧ ರಾಶಿಯನ್ನು ತನ್ನ ಕಡೆ ಎಳೆದುಕೊಂಡಳು.

“ಆದ್ರೂ ಬಾಲೆಸ್ ಸುಳ್ಳಲ್ಲ,” ಎಂದರು ಅತ್ತೆ.

“ಸುಳ್ಳು ಅಂತ ನಾನೂ ಹೇಳಲಿಲ್ಲ,” ಎಂದಳು ದಿವೀನಾ. ಹೇಳುವ ಧೈರ್ಯವೂ ಅವಳಿಗೆ ಇರಲಿಲ್ಲ. ಆ ಮೊದಲ ಸಂಜೆ ಮಗುವಿನ ಮೈ ಕಾದದ್ದನ್ನು ಅವಳ ಕೈಯೇ ಮುಟ್ಟಿತ್ತು.

ಮರುದಿನ ಬಸ್ಸು ಎಂದಿನ ಹೊತ್ತಿಗೇ ಬಂತು. ಕೆಲಸ ಎಂದಿಗಿಂತ ಹೆಚ್ಚೇ ಇತ್ತು, ಕಣ್ಣಿನ ಸುತ್ತಲಿನ ಬಳೆ ಎಂದಿಗಿಂತ ಕೆಂಪಾಗಿತ್ತು. ದಿವೀನಾ ಸಂದಿಯ ಬಾಯಿಗೆ ಬಂದು ನಿಂತಳು. ಬಾಳೆಗಿಡಗಳ ಆಚೆ ಹಿತ್ತಿಲ ಬಾಗಿಲು ಕಾಣುತ್ತಿತ್ತು. ಅವಳು ಹಿಂದೆ ತಿರುಗಿ ಮುಂಬಾಗಿಲಿಗೆ ಹೋದಳು.

ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೆಳಗೆ ಚಾಪೆಯ ಮೇಲೆ ಯುಮಿ ಒಂದು ಪ್ಲಾಸ್ಟಿಕ್ ಲೋಟವನ್ನು ಕಚ್ಚುತ್ತಾ ಕೂತಿತ್ತು. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ಎರಡು ತಲೆಗಳೂ ಮೇಲೆದ್ದವು.

“ಏಯ್, ದಿವೀನಾ,” ಎಂದರು ಅತ್ತೆ.

“ಇರಿ ಇನಾಯ್. ಹೊರಗಿನವಳು ಬಂದಿದೀನಿ. ಹೊರಗಿನವರು ಮಾಡೋದನ್ನ ಮೊದಲು ಮಾಡ್ತೀನಿ.”

ಅವಳು ಚೀಲವನ್ನು ಹೊಸ್ತಿಲಲ್ಲೇ ಇಳಿಸಿ ಚಾಪೆಯ ಮೇಲೆ ಕುಕ್ಕರಿಸಿದಳು. ಹೆಬ್ಬೆರಳನ್ನು ಬಾಯಿಗಿಟ್ಟು ತೇವ ಮಾಡಿ, ಮಗುವಿನ ಅಂಗಿ ಎತ್ತಿ, ಹೊಕ್ಕುಳ ಮೇಲೆ ಹಚ್ಚಿದಳು. “ತಗಲದಿರಲಿ, ದೂರ ಇರಲಿ,” ಎಂದು ಹೇಳಬೇಕಾದ್ದನ್ನು ಹೇಳಿದಳು. ಬಟ್ಟೆ ಮಾರುವವನು ಹೇಳುವ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು.

“ಆಯ್ತಾ? ಕಟ್ಟಳೆ ತೀರಿತಾ? ಇನ್ನು ನೋಡ್ಬಹುದಾ?”

ಸೆಪಾ ಬಾಯಿ ತೆರೆದರು. ತಪ್ಪು ಹುಡುಕಿದರು, ಸಿಗಲಿಲ್ಲ. ಉಗುಳು ಹಚ್ಚಿದ ಮೇಲೆ ಊರ ಮೇಲಿನ ಯಾರು ಬೇಕಾದರೂ ನೋಡಬಹುದು. “ನೋಡ್ಬಹುದು,” ಎಂದರು.

“ದಿನಾ ಹೀಗೇ ಮಾಡ್ತೀನಿ. ದಿನಾ ಸಂಜೆ ಹೊರಗಿನವಳಾಗೇ ಬರ್ತೀನಿ. ಬೇಜಾರಿಲ್ಲ.”

ಬೇಜಾರು ಇತ್ತು. ಆದರೂ ಮಾತು ಹೊರಬಿದ್ದಾಗಿತ್ತು.

ಅವಳು ತಲೆ ಎತ್ತಿ ಮಗಳನ್ನು ನೋಡಿದಳು. ನಗಬೇಕೆಂದುಕೊಂಡಳು, ಮುಖ ಕೇಳಲಿಲ್ಲ. ಕೆನ್ನೆಗಳು ಮುಸುಕಿನ ಒಳಗೇ ಎಲ್ಲೋ ಉಳಿದುಹೋದಂತಿತ್ತು. ಲೋಟ ಮಗುವಿನ ಕೈಯಿಂದ ಜಾರಿತು. ಹುಬ್ಬಿನ ನಡುವೆ ಆ ಗೆರೆ ಮೂಡಿತು, ತುಟಿ ಹೊರಗೆ ಬಂತು. ಮಗು ಕತ್ತು ಹೊರಳಿಸಿ ಅಜ್ಜಿಯ ಮುಖವನ್ನು ಹುಡುಕಿತು.

ಸೆಪಾ ಆ ನೋಟ ತನ್ನ ಕಡೆ ಬರುತ್ತಿರುವುದನ್ನು ಕಂಡರು. ಇಷ್ಟು ತಿಂಗಳು ದಿನವೂ ಉತ್ತರ ಕೊಟ್ಟ ಮುಖ ಅವರದು. ಅವರು ಕುರ್ಚಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು.

ಮಗು ಕಾಯಿತು. ‘ಆ’ ಎಂದಿತು. ಮುಚ್ಚಿದ ರೆಪ್ಪೆಗಳು ಅಲುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿ, ಮಣಿಸರದ ಕೈಯಿಂದ ಕುರ್ಚಿಯ ಕಾಲಿಗೆ ಬಡಿಯಿತು. ಆ ಕೂಗು ದಿವೀನಾಳಿಗೆ ಗೊತ್ತಿತ್ತು. ಇನಾಯ್ ಕಣ್ಣು ಬಿಡಿ ಎನ್ನಲು ಹೊರಟವಳು ತುಟಿ ಕಚ್ಚಿಕೊಂಡು ಸುಮ್ಮನಾದಳು.

ಬೇರೆ ಮುಖ ಮನೆಯಲ್ಲಿ ಇರಲಿಲ್ಲ. ಮಗು ಮುಲುಗುತ್ತಾ ಇತ್ತ ತಿರುಗಿತು. ಎದುರಿಗಿದ್ದದ್ದು ಬೆವರಿನಿಂದ ಜಿಡ್ಡುಗಟ್ಟಿದ, ನಗದ, ಬೇಡುತ್ತಲೂ ಇರದ ಒಂದು ಮುಖ. ಆದರೆ ಅದರ ಕಣ್ಣು ತೆರೆದಿತ್ತು. ಮಗುವಿನ ಕಣ್ಣು ಸ್ವಲ್ಪ ಬಲಕ್ಕೆ ಸರಿದರೆ ಅದೂ ಬಲಕ್ಕೆ ಸರಿಯುತ್ತಿತ್ತು.

“ನನ್ನ ಮುಖ ಇಷ್ಟೇ ಕಂದಾ,” ಎಂದಳು ದಿವೀನಾ. “ಇದನ್ನೇ ನೋಡು.”

ಮಗು ಬಿಕ್ಕುತ್ತಾ ನೋಡಿತು. ಅತ್ತಿತು, ನಿಲ್ಲಿಸಿತು, ನೋಡಿತು, ಮತ್ತೆ ಅತ್ತಿತು. ಆಮೇಲೆ ಕೈ ಚಾಚಿ, ಕಣ್ಣಿನ ಸುತ್ತಲಿನ ಕೆಂಪು ಬಳೆಯ ಮೇಲೆ ಬೆರಳಿಟ್ಟಿತು. ಅಷ್ಟು ಸಣ್ಣ ಬೆರಳಿಗೂ ದಿವೀನಾಳ ದಣಿದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳಲು ನೋಡಿತು. ಅವಳು ಬಲವಂತವಾಗಿ ಅದನ್ನು ತೆರೆದಿಟ್ಟುಕೊಂಡಳು, ನೀರು ಇಳಿದರೂ ಮುಚ್ಚಲಿಲ್ಲ.

“ನೋಡ್ತಿದ್ದಾಳಾ?” ಎಂದು ಕುರ್ಚಿಯಿಂದ ದನಿ ಬಂತು.

ಮಗು ದನಿಯ ಕಡೆ ತಿರುಗಿತು. ಮುಚ್ಚಿದ ಕಣ್ಣುಗಳನ್ನು ಕಂಡು ಮತ್ತೆ ದಿವೀನಾಳ ಕಡೆಗೇ ತಿರುಗಿತು.

“ನೋಡ್ತಿದ್ದಾಳೆ.”

“ಅಳ್ತಿದ್ದಾಳಾ?”

“ಸ್ವಲ್ಪ.”

“ಅಳ್ಲಿ,” ಎಂದರು ಸೆಪಾ. ಅವರ ದನಿಯೂ ನೆಟ್ಟಗಿರಲಿಲ್ಲ. “ನಾನಂತೂ ಕಣ್ಣು ಬಿಡಲ್ಲ.”